ಗುದ್ದಲಿಯಿಲ್ಲದ ಗಣಿ

ಮುಂಬಯಿಯ ನೆಲದಲ್ಲಿ ವಜ್ರ ಇಲ್ಲ. ಘಾಟ್ಕೋಪರ್ ಪಶ್ಚಿಮದ ಅಸಲ್ಫಾ ಗುಡ್ಡವನ್ನು ಬುಡದ ತನಕ ಕಡಿದರೂ ಸಿಗುವುದು ಕಪ್ಪುಕಲ್ಲು ಮಾತ್ರ, ಸುಮಾರು 6.5 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾರಸ. ಆದರೂ ಬೆಳಗಿನ ಲೋಕಲ್‌ನಲ್ಲಿ ಘಾಟ್ಕೋಪರ್‌ನಿಂದ ಕುರ್ಲಾ ಕಡೆಗೆ ನಿಂತುಕೊಂಡೇ ಹೋಗುವ ಗಂಡಸರಲ್ಲಿ ಕೆಲವರ ಒಳಜೇಬಿನಲ್ಲಿ ವಜ್ರ ಇರುತ್ತದೆ. ಬಿಳಿ ಕಾಗದವನ್ನು ಅಡ್ಡಕ್ಕೂ ಉದ್ದಕ್ಕೂ ಮಡಿಸಿ ಮಾಡಿದ ಪುಟ್ಟ ಪೊಟ್ಟಣ, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ತೂಕ. ಕುರ್ಲಾದಲ್ಲಿ ಇಳಿದು ಶೇರ್ ರಿಕ್ಷಾ ಹಿಡಿದರೆ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನ ಭಾರತ್ ಡೈಮಂಡ್ ಬೋರ್ಸ್. 2010ರಲ್ಲಿ ಅದು ಬಾಗಿಲು ತೆರೆಯುವ ಮೊದಲು ಇದೇ ಜನ ಒಪೆರಾ ಹೌಸ್ ಬಳಿಯ ಪಂಚರತ್ನ ಕಟ್ಟಡಕ್ಕೆ ಹೋಗಿಬರುತ್ತಿದ್ದರು. ಜಗತ್ತಿನಲ್ಲಿ ಸಾಣೆ ಹಿಡಿಯುವ ವಜ್ರಗಳಲ್ಲಿ ಬಹುಪಾಲು ಸೂರತ್‌ನಲ್ಲಿ ಹೊಳಪು ಪಡೆದು, ಮುಂಬಯಿಯಲ್ಲಿ ಬೆಲೆ ಕಟ್ಟಿಸಿಕೊಂಡು ಹೊರಡುತ್ತವೆ.

ಘಾಟ್ಕೋಪರ್ ಪೂರ್ವದ ನಮ್ಮ ಕಟ್ಟಡದಲ್ಲೂ ಈ ಕಸುಬಿನ ಮನೆಗಳಿವೆ. ನೆರೆಮನೆಯ ಭಾಯಿ ಕಚ್ಚಾ ವಜ್ರ ವಿಂಗಡಿಸುವ ಕೆಲಸದಲ್ಲೇ ತಲೆ ನೆರೆಯಿಸಿಕೊಂಡವರು. ಉತ್ತರ ದಿಕ್ಕಿನ ಕಿಟಕಿಯ ಬೆಳಕಿನಲ್ಲಿ ಮಾತ್ರ ಕಲ್ಲು ನೋಡಬೇಕು, ನೇರ ಬಿಸಿಲು ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಅವರು ತೋರಿಸಿದ ಕಚ್ಚಾ ಹರಳುಗಳನ್ನು ದಾರಿಯಲ್ಲಿ ಕಂಡಿದ್ದರೆ ಪಟಿಕದ ಚೂರೆಂದು ದಾಟಿ ಹೋಗುತ್ತಿದ್ದೆ. ಒಂದು ದಿನ ಎರಡು ಹರಳುಗಳನ್ನು ಅಕ್ಕಪಕ್ಕ ಇಟ್ಟು, ಒಂದು ಗಣಿಯದ್ದು, ಇನ್ನೊಂದು ನದಿಯದ್ದು ಎಂದರು. ನದಿಯದ್ದರ ಅಂಚುಗಳು ಸ್ವಲ್ಪ ಸವೆದಿದ್ದವು, ಮೈಮೇಲೆ ಮಂಜು ಕವಿದ ಹಾಗೆ ಒಂದು ಪೊರೆ. "ನದಿಯ ಮಾಲು ಯಾವಾಗಲೂ ಮೇಲು, ಬೆಹೆನ್. ಬಿರುಕು ಇರುವ ಕಲ್ಲೆಲ್ಲ ದಾರಿಯಲ್ಲೇ ಒಡೆದು ಹೋಗಿರುತ್ತೆ. ನಮಗಿಂತ ಮೊದಲು ನೀರೇ ವಿಂಗಡಿಸಿರುತ್ತೆ" ಎಂದರು.

ಆ ಹರಳು ಯಾವ ನದಿಯದ್ದೆಂದು ಕೇಳಿದೆ. ಆಫ್ರಿಕಾದ್ದು ಎಂದಷ್ಟೇ ಅವರಿಗೆ ಗೊತ್ತಿತ್ತು. 2003ರಿಂದ ಜಾರಿಯಲ್ಲಿರುವ ಕಿಂಬರ್ಲಿ ಪ್ರೊಸೆಸ್ ಪ್ರಮಾಣಪತ್ರ ಇಲ್ಲದೆ ಕಚ್ಚಾ ವಜ್ರ ಗಡಿ ದಾಟುವಂತಿಲ್ಲ. ಅದು ಹೇಳುವುದು ಬಂಡುಕೋರರ ಯುದ್ಧಕ್ಕೆ ಈ ಕಲ್ಲಿನ ಹಣ ಹೋಗಿಲ್ಲ ಎಂಬುದನ್ನು ಮಾತ್ರ. ಕಲ್ಲು ತೆಗೆದ ಗುಂಡಿಯನ್ನು ಮುಚ್ಚಿದರೋ ಇಲ್ಲವೋ, ತೊರೆಯ ನೀರು ತಿಳಿಯಾಯಿತೋ ಇಲ್ಲವೋ, ಹೆಕ್ಕಿದವರ ಕೈಗೆ ಏನು ಬಂತು ಎಂಬುದಕ್ಕೆ ಆ ಕಾಗದದಲ್ಲಿ ಜಾಗವಿಲ್ಲ. ಇನ್ನು ಗಣಿಯ ಹರಳಿನ ವಿಷಯಕ್ಕೆ ಬಂದರೆ, ಸೈಬೀರಿಯಾದ ಮೀರ್ ಗಣಿಯ ಬಾವಿ 500 ಮೀಟರಿಗೂ ಹೆಚ್ಚು ಆಳ. ಅಷ್ಟು ಬಂಡೆ ಕಿತ್ತರೆ ಟನ್ನಿಗೆ ಸಿಗುವುದು ಕೆಲವೇ ಕ್ಯಾರೆಟ್, ಎಂದರೆ ಒಂದೆರಡು ಗ್ರಾಂ ಕೂಡ ಅಲ್ಲ. ಭಾಯಿ ಕಲ್ಲು ನೋಡುವ ಭೂತಗನ್ನಡಿಯನ್ನು, ಅವರ ಮಾತಿನಲ್ಲಿ ಲೂಪ್, ಒರೆಸಿಟ್ಟು, "ನಿಮ್ಮ ಬಳ್ಳಾರಿ ಪಕ್ಕದಲ್ಲೇ ಮಳೆ ಬಂದ ಮೇಲೆ ಜನ ಹೊಲದಲ್ಲಿ ಹೀರಾ ಆರಿಸುತ್ತಾರಂತೆ, ನೋಡಿದ್ದೀರಾ?" ಎಂದು ಕೇಳಿದರು. ಕೇಳಿದ್ದೆ, ನೋಡಿರಲಿಲ್ಲ. ಸಿರುಗುಪ್ಪದ ನನ್ನ ತವರಿನಲ್ಲಿ ಜೊನ್ನಗಿರಿಯ ವಜ್ರದ ಕಥೆ ಕೇಳದೆ ಬೆಳೆದವರಿಲ್ಲ. ಅದನ್ನು ಅಜ್ಜಿಕಥೆಗಳ ಸಾಲಿಗೆ ಸೇರಿಸಿ ಮುಂಬಯಿಗೆ ಬಂದವಳು ನಾನು.

ಆ ವರ್ಷ ರೋಹಿಣಿ ಮಳೆ ರಾಯಲಸೀಮೆಗೆ ಚೆನ್ನಾಗಿ ಬಿದ್ದಿತ್ತು. ಗುಂತಕಲ್ಲಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿರುವ ಸೋದರಮಾವನ ಮಗಳು ಫೋನಿನಲ್ಲಿ, "ಬರ್ರೀ ಅಕ್ಕಾ, ಜನ ಆಗ್ಲೇ ಹೊಲಕ್ಕೆ ಇಳಿದಾರ" ಎಂದಳು. ಮುಂಬಯಿಗೆ ಮುಂಗಾರು ಇನ್ನೂ ಮುಟ್ಟಿರಲಿಲ್ಲ. ಘಾಟ್ಕೋಪರ್‌ಗೆ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ರಾತ್ರಿ ಗಾಡಿ ಹತ್ತಿದೆ. ಜನರಲ್ ಬೋಗಿಗಳ ಮುಂದೆ ಕಲಬುರಗಿ, ಯಾದಗಿರಿ ಕಡೆಯವರ ದೊಡ್ಡ ಗುಂಪು. ಮುಂಬಯಿಯ ಕಟ್ಟಡಗಳಿಗೆ ಸಿಮೆಂಟು ಹೊತ್ತು, ಬಿತ್ತನೆಗೆ ಊರಿಗೆ ಹೊರಟವರು. ಮೃಗಶಿರಾ ಹುಟ್ಟುವುದರೊಳಗೆ ಹೊಲ ಹಸನಾಗಬೇಕೆಂಬ ಅವಸರ ಅವರ ಗಂಟುಮೂಟೆಯಲ್ಲೇ ಕಾಣುತ್ತಿತ್ತು.

ಬೆಳಗಾಗುವ ಹೊತ್ತಿಗೆ ಭೀಮೆಯ ಬಯಲು. ಕಲಬುರಗಿ ಬಂದಾಗ ಅಲ್ಲಿಂದ ಬಹಳ ದೂರವಲ್ಲದ ಕಲ್ಯಾಣದ ನೆನಪಾಯಿತು. 12ನೇ ಶತಮಾನದಲ್ಲಿ ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ಬೊಕ್ಕಸದ ವಿಚಾರ ಬರೆಯುವಾಗ ರತ್ನಗಳ ಪರೀಕ್ಷೆಗೂ ಜಾಗ ಕೊಟ್ಟಿದ್ದಾನೆ. ಬ್ರೆಜಿಲ್‌ನಲ್ಲಿ 1720ರ ದಶಕದಲ್ಲಿ ವಜ್ರ ಸಿಗುವ ತನಕ ಲೋಕಕ್ಕೆ ಬೇಕಾದ ವಜ್ರವೆಲ್ಲ ಹೆಚ್ಚುಕಡಿಮೆ ಈ ದಕ್ಷಿಣದ ನೆಲದಿಂದಲೇ ಹೋಗಿದ್ದು. ಅದೂ ನದಿಗಳು ಎಳೆದು ತಂದ ಗರಸು ಕಲ್ಲಿನಿಂದ, ಹಳೆಯ ಹೊಳೆಪಾತ್ರಗಳ ಮಣ್ಣಿನಿಂದ.

ಯಾದಗಿರಿ ದಾಟಿ ರಾಯಚೂರಿಗೆ ಮೊದಲು ಗಾಡಿ ಕೃಷ್ಣೆಯ ಸೇತುವೆ ಹತ್ತುತ್ತದೆ. ಮಹಾಬಲೇಶ್ವರದ ಬೆಟ್ಟದಲ್ಲಿ ಹುಟ್ಟಿದ ನದಿ ಇದು. ಮುಂಬಯಿಯ ಕಪ್ಪುಕಲ್ಲಿನ ನಾಡಲ್ಲೇ ಇದರ ಬಾಲ್ಯ. ರಾಯಚೂರಿನ ಹೊತ್ತಿಗೆ ಅದು ಕಣಶಿಲೆಯ ಬಂಡೆಗಳ ನಡುವೆ ಹರಿಯುತ್ತದೆ, ವಜ್ರ ಇದಕ್ಕೆ ಸೇರುವುದು ಇನ್ನೂ ಕೆಳಗೆ. ಬೇಸಿಗೆಯ ಕೊನೆಯ ನೀರು ಬಂಡೆಗಳ ಸಂದಿಯಲ್ಲಿ ಅಲ್ಲಲ್ಲಿ ನಿಂತಿತ್ತು. ದಡದ ಕಡೆ ಟ್ರಾಕ್ಟರುಗಳ ಗಾಲಿಯ ಗೆರೆಗಳು ನೀರಿನ ಅಂಚಿನವರೆಗೂ ಇಳಿದಿದ್ದವು. ಈ ಸೀಮೆಯಲ್ಲಿ ಮರಳಿಗಾಗಿ ನದಿಯನ್ನು ಎಷ್ಟು ಕೆರೆದಿದ್ದಾರೆಂಬುದು ದೇವದುರ್ಗದ ಜನಕ್ಕೆ ಗೊತ್ತು. ಮರಳು ಹೋದರೆ ನದಿಯ ತಳ ತಗ್ಗುತ್ತದೆ, ದಂಡೆಯ ಬಾವಿಗಳ ನೀರು ಅದರ ಹಿಂದೆಯೇ ಇಳಿಯುತ್ತದೆ. ಜೆಸಿಬಿಯ ಬಾಯಿಗೆ ಮರಳು, ಗರಸು, ಮೀನಿನ ಮೊಟ್ಟೆ ಎಂಬ ಭೇದ ಇಲ್ಲ. ನದಿಯಿಂದ ಏನನ್ನಾದರೂ ತೆಗೆಯುವುದು ತಪ್ಪೆಂದು ನಾನು ಹೇಳಲಾರೆ. ನಮ್ಮ ಮನೆಗಳ ಗೋಡೆಯಲ್ಲೇ ನದಿ ಇದೆ. ಯಾವ ಕೈಯಿಂದ, ಎಷ್ಟು, ಯಾವ ಕಾಲದಲ್ಲಿ ಎಂಬುದನ್ನು ಕೇಳದೆ ತೆಗೆಯುವುದನ್ನು ಮಾತ್ರ ನನ್ನಿಂದ ನೋಡಲಾಗುವುದಿಲ್ಲ.

ಆದವಾನಿ ದಾಟಿ ಗುಂತಕಲ್ಲು ತಲುಪಿದಾಗ ಮಧ್ಯಾಹ್ನ. ಮಾರನೆಯ ದಿನ ನಸುಕಿನಲ್ಲಿ ಮಾವನ ಮಗಳು, ಅವಳ ಗಂಡ, ನಾನು ಹೊರಟೆವು. ಆಂಧ್ರದ ಅನಂತಪುರ ಮತ್ತು ಕರ್ನೂಲು ಜಿಲ್ಲೆಗಳು ಕೂಡುವ ಈ ಭಾಗದಲ್ಲಿ ವಜ್ರಕರೂರು, ಜೊನ್ನಗಿರಿ, ತುಗ್ಗಲಿ, ಮದ್ದಿಕೆರೆ, ಪೆರವಲಿ, ಪಗಿಡಿರಾಯಿ ಎಂದು ವಜ್ರಕ್ಕೆ ಹೆಸರಾದ ಊರುಗಳ ಒಂದು ಸರಣಿಯೇ ಇದೆ. ಕನ್ನಡ ಮತ್ತು ತೆಲುಗು ಒಂದೇ ಜಗಲಿಯಲ್ಲಿ ಕೂತು ಮಾತಾಡುವ ಸೀಮೆ. ವಿಜಯನಗರದ ಕಾಲದಲ್ಲೂ ಇದು ವಜ್ರದ ನಾಡೇ. ಅಚ್ಯುತರಾಯನ ಕಾಲದಲ್ಲಿ ಅಲ್ಲಿದ್ದ ಪೋರ್ಚುಗೀಸರ ನೂನಿಜ್, ವಜ್ರದ ಗಣಿಗಳನ್ನು 40,000 ವರಾಹಕ್ಕೆ ಗುತ್ತಿಗೆ ಕೊಡುತ್ತಿದ್ದರೆಂದೂ ಒಂದು ಮಿತಿಗಿಂತ ಹೆಚ್ಚು ತೂಗುವ ಹರಳೆಲ್ಲ ಅರಸನಿಗೇ ಸೇರಬೇಕಿತ್ತೆಂದೂ ಬರೆದಿದ್ದಾನೆ.

ದಾರಿಯಲ್ಲಿ ಎರ್ರಗುಡಿಯ ಬಂಡೆಗಳ ಬಳಿ ಇಳಿದೆವು. ಅಶೋಕನ ಶಾಸನಗಳಿರುವ ಈ ಜಾಗವನ್ನು 1920ರ ದಶಕದ ಕೊನೆಯಲ್ಲಿ ಹೊರಲೋಕಕ್ಕೆ ತೋರಿಸಿದವರು ಅನು ಘೋಷ್ ಎಂಬ ಭೂವಿಜ್ಞಾನಿ. ಅಲ್ಲಿನ ಕಿರುಶಾಸನದ ಹಲವು ಸಾಲುಗಳು ಎಡದಿಂದ ಬಲಕ್ಕೆ ಹೋಗಿ, ಮುಂದಿನದ್ದು ಬಲದಿಂದ ಎಡಕ್ಕೆ ತಿರುಗಿ ಬರುತ್ತವೆ. ಉಳುವ ಎತ್ತು ಹೊಲದ ತುದಿ ಮುಟ್ಟಿ ಮರಳುವ ಹಾಗೆ. ಒಂದು ತಾಸಿನ ಮೇಲೆ ಜೊನ್ನಗಿರಿಯ ಹೊಲದಲ್ಲಿ ಜನ ನಡೆಯುವ ರೀತಿ ನೋಡಿದಾಗ ಆ ಸಾಲುಗಳೇ ಕಣ್ಣಿಗೆ ಕಟ್ಟಿದವು.

ಮೊದಲು ಕಂಡದ್ದು ಬೇವಿನ ಮರದ ಕೆಳಗೆ ಕಟ್ಟಿದ ನೀಲಿ ಟಾರ್ಪಾಲು, ಮೂರು ಕಲ್ಲಿನ ಒಲೆ, ಒಣಗಲು ಹಾಕಿದ ಸೀರೆಗಳು. ಅದರಾಚೆ ಕೆಂಪು ಹೊಲ, ಹೊಲದ ತುಂಬ ಬಗ್ಗಿದ ಬೆನ್ನುಗಳು. ಮಾತು ತೀರ ಕಡಿಮೆ. ಮುದುಕರು, ಬಾಣಂತಿತನ ಮುಗಿಸಿ ಬಂದ ಹೆಂಗಸರು, ಶಾಲೆ ಇನ್ನೂ ಶುರುವಾಗದ ಮಕ್ಕಳು. ಬಳ್ಳಾರಿ ಕಡೆಯಿಂದ ಬಂದವರು ಇದ್ದರು, ತೆಲಂಗಾಣದಿಂದ ಬಂದವರೂ ಇದ್ದರು. ಮಳೆ ಬಿದ್ದ ಮೇಲೆ ಬುತ್ತಿ ಕಟ್ಟಿಕೊಂಡು ಬಂದು, ಬಿತ್ತನೆ ಶುರುವಾಗುವವರೆಗೆ ಇದ್ದು ಹೋಗುವುದು ಇಲ್ಲಿಯ ವಾಡಿಕೆ.

ಬದುವಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದ ಒಬ್ಬ ಅಜ್ಜಿ ನಮ್ಮ ಕನ್ನಡ ಕೇಳಿ ತಲೆ ಎತ್ತಿದಳು. "ನಿಂತ್ಕಂಡು ನೋಡಿದ್ರ ಏನೂ ಕಾಣಂಗಿಲ್ಲ ಯವ್ವಾ. ಕುಂದ್ರು. ಹೊತ್ತಿನ ಕಡಿ ಮಕ ಮಾಡು" ಎಂದಳು. ಕೂತೆ. ಆಗ ತಾನೇ ಏರುತ್ತಿದ್ದ ಬಿಸಿಲು ನೆಲದ ಮೇಲೆ ಓರೆಯಾಗಿ ಬೀಳುತ್ತಿತ್ತು. ನಿಂತಾಗ ಬರೀ ಕೆಂಪಾಗಿದ್ದ ಮಣ್ಣು ಕೂತಾಗ ಸಾವಿರ ಚೂರಾಯಿತು: ಹಾಲುಬಿಳಿಯ ಬೆಣಚು, ಇಟ್ಟಿಗೆ ಬಣ್ಣದ ಹರಳು, ಕಪ್ಪು ಕಬ್ಬಿಣದ ಕಲ್ಲು, ಹಸಿರು ಛಾಯೆಯ ಚಪ್ಪಟೆ ಚೂರು. ಅವಳ ಕೈಯಲ್ಲಿ ಇದ್ದದ್ದು ಗೇಣುದ್ದದ ಒಂದು ಬೇವಿನ ಕಡ್ಡಿ, ಅಷ್ಟೆ. ಕಡ್ಡಿಯ ತುದಿಯಿಂದ ಹರಳನ್ನು ಮಗುಚಿ ನೋಡುವಳು, ಮತ್ತೆ ಅದೇ ಗುಳಿಯಲ್ಲಿ ಕೂರಿಸಿ ಹೆಬ್ಬೆರಳಿನಿಂದ ಒತ್ತುವಳು. ಅನುಮಾನ ಬಂದದ್ದನ್ನು ಸೆರಗಿನಲ್ಲಿ ಒರೆಸಿ, ಬಾಯಿಯ ಹತ್ತಿರ ಹಿಡಿದು ಉಸಿರು ಬಿಡುವಳು. ಬೆಣಚಿನ ಮೇಲೆ ಉಸಿರಿನ ಮಬ್ಬು ಒಂದು ಗಳಿಗೆ ನಿಲ್ಲುತ್ತದೆ. ವಜ್ರ ಬಿಸಿಯನ್ನು ಬೇಗ ಹೀರಿ ಹರಡುವುದರಿಂದ ಅದರ ಮೇಲೆ ಮಬ್ಬು ನಿಲ್ಲುವುದೇ ಇಲ್ಲ. ಈ ಪರೀಕ್ಷೆಯನ್ನು ಘಾಟ್ಕೋಪರ್‌ನ ಭಾಯಿಯೂ ಮಾಡಿ ತೋರಿಸಿದ್ದರು. ಅವಳ ಸೊಂಟದಲ್ಲಿ ಒಂದು ವಿಕ್ಸ್ ಡಬ್ಬಿ. ಅದರಲ್ಲಿ ಹತ್ತಿಯ ಮೇಲೆ ಮೂರು ಅನುಮಾನದ ಹರಳು. ದೊಡ್ಡದೆಂದರೆ ಉದ್ದಿನಕಾಳಿಗಿಂತ ಚಿಕ್ಕದು.

ಈ ಹರಳು ಇಲ್ಲಿಗೆ ಬಂದ ದಾರಿಯನ್ನು ವಿವರಿಸಬೇಕು, ಏಕೆಂದರೆ ನಾನು ಹೇಳಬೇಕೆಂದಿರುವ ಮಾತೆಲ್ಲ ಆ ದಾರಿಯಲ್ಲೇ ಇದೆ. ವಜ್ರ ಹುಟ್ಟುವುದು ನೆಲದೊಳಗೆ ಸುಮಾರು 150 ಕಿಲೋಮೀಟರು ಆಳದಲ್ಲಿ. ವಜ್ರಕರೂರಿನ ಸುತ್ತ ಸುಮಾರು 110 ಕೋಟಿ ವರ್ಷಗಳ ಹಿಂದೆ ಕಿಂಬರ್ಲೈಟ್ ಎಂಬ ಶಿಲಾರಸ ಕೊಳವೆಗಳಂಥ ಬಿರುಕುಗಳಲ್ಲಿ ರಭಸವಾಗಿ ಮೇಲೆದ್ದು ಅದನ್ನು ಹೊತ್ತು ತಂದಿತು. ಆಮೇಲೆ ಮಳೆ. ಮೆತ್ತಗಿನ ಕಿಂಬರ್ಲೈಟ್ ಕೊಳೆತು ಮಣ್ಣಾಯಿತು, ಮಣ್ಣು ತೊಳೆದು ಹೋಯಿತು, ವಜ್ರ ಉಳಿಯಿತು. ಹಳೆಯ ಹೊಳೆಗಳು ಅದನ್ನು ಉರುಟು ಕಲ್ಲುಗಳ ಜತೆ ಒಯ್ದು ಹಾಸಿದವು. ಆ ಹಾಸು ಬಂಡೆಯಾಗಿ ಬನಗಾನಪಲ್ಲೆಯ ಸುತ್ತ ಇಂದಿಗೂ ಇದೆ. ಆ ಬಂಡೆಯೂ ಸವೆದು ಮತ್ತೆ ಗರಸಾಯಿತು. ಈ ದಿನ್ನೆಗಳ ನೀರು ಒಂದು ಕಡೆ ಪೆನ್ನಾರಿಗೆ ಇಳಿಯುತ್ತದೆ, ಇನ್ನೊಂದು ಕಡೆ ಹಂದ್ರಿ ಹಿಡಿದು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ. ಮರಳಿನ ಬೆಣಚಿಗಿಂತ ವಜ್ರ ಒಂದು ಪಾಲು ಭಾರ: ಬೆಣಚು ನೀರಿನ 2.65 ಪಟ್ಟು ತೂಗಿದರೆ ವಜ್ರ 3.5 ಪಟ್ಟು. ಹಾಗಾಗಿ ಹೊಳೆ ತಿರುಗುವಲ್ಲಿ, ಬಂಡೆಯ ಹಿಂಬದಿಯಲ್ಲಿ, ಭಾರದ ಕಲ್ಲುಗಳ ಜತೆ ಅದು ತಳ ಹಿಡಿಯುತ್ತದೆ.

ಇದರ ಅರ್ಥ, ಬಂಡೆ ಒಡೆಯುವ, ಕುಟ್ಟುವ, ತೊಳೆಯುವ, ಭಾರದ್ದನ್ನು ಹಗುರದ್ದರಿಂದ ಬೇರೆ ಮಾಡುವ ಕೆಲಸವನ್ನೆಲ್ಲ ನೀರು ಮುಗಿಸಿಟ್ಟಿದೆ. ಗಣಿಗಾರಿಕೆಯಲ್ಲಿ ನೆಲವನ್ನು ಹಾಳುಗೆಡಹುವ ಕೆಲಸ ಅದೇ ತಾನೆ? ಮೇಲಾಗಿ ಹರಳಿಗೆ ವಿಷ ಬೇಡ. ಚಿನ್ನದ ಕಣ ಹಿಡಿಯಲು ಹಲವೆಡೆ ಪಾದರಸ ಬಳಸುತ್ತಾರೆ. ಮುಂಬಯಿಯ ಝವೇರಿ ಬಜಾರಿನಲ್ಲಿ ಅಕ್ಕಸಾಲಿಗರ ಓಣಿಯ ದೂಳು, ಚರಂಡಿಯ ಹೂಳನ್ನು ಘಮೇಲಾದಲ್ಲಿ ತೊಳೆದು ಚಿನ್ನ ತೆಗೆಯುವವರ ಬದುಕು ಪಾದರಸ ಮತ್ತು ಆ್ಯಸಿಡ್ಡಿನ ಹೊಗೆಯಲ್ಲೇ ಸವೆಯುತ್ತದೆ. ಗರಸಿನಿಂದ ಹರಳು ತೆಗೆಯಲು ನೀರು, ಜರಡಿ, ಕಣ್ಣು ಸಾಕು. ನೆಲದಿಂದ ಬೆಲೆಬಾಳುವ ವಸ್ತು ತೆಗೆಯುವ ದಾರಿಗಳಲ್ಲಿ ಇಷ್ಟು ಕಡಿಮೆ ಪೆಟ್ಟು ಕೊಡುವ ಇನ್ನೊಂದನ್ನು ನಾನು ಕಂಡಿಲ್ಲ.

ಆದರೆ ಸಣ್ಣ ಕೈಗಳೂ ಸಾವಿರಾರು ಸೇರಿದರೆ ದೊಡ್ಡ ಗುಂಡಿ ಆಗುತ್ತದೆ. 17ನೇ ಶತಮಾನದಲ್ಲಿ ಗೋಲ್ಕೊಂಡಾ ರಾಜ್ಯದಲ್ಲಿ ತಿರುಗಾಡಿದ ಫ್ರೆಂಚ್ ರತ್ನವ್ಯಾಪಾರಿ ಟ್ಯಾವರ್ನಿಯರ್, ಕೃಷ್ಣಾ ತೀರದ ಕೊಲ್ಲೂರಿನಲ್ಲಿ ಸುಮಾರು 60,000 ಜನ ದುಡಿಯುವುದನ್ನು ಕಂಡು ಬರೆದ. ಗಂಡಸರು ಅಗೆಯುವುದು, ಹೆಂಗಸರು ಮಕ್ಕಳು ಮಣ್ಣು ಹೊರುವುದು. ಹನ್ನೆರಡು, ಹದಿನಾಲ್ಕು ಅಡಿ ಅಗೆದು ನೀರು ಬಂದರೆ ಆ ಗುಂಡಿ ಬಿಟ್ಟು ಮುಂದಿನದ್ದು. ತೆಗೆದ ಮಣ್ಣನ್ನು ಮೋಟುಗೋಡೆ ಕಟ್ಟಿದ ಅಂಗಳದಲ್ಲಿ ಸುರಿದು, ನೀರು ಹೊಯ್ದು, ಕೆಸರನ್ನು ಹರಿಯಬಿಟ್ಟು, ಉಳಿದ ಗರಸನ್ನು ಒಣಗಿಸಿ, ಮೊರದಲ್ಲಿ ಕೇರಿ, ಕೊನೆಗೆ ಸಾಲಾಗಿ ಕೂತು ಕೈಯಿಂದ ಆರಿಸುವುದು. ಅಗೆತ ಬಿಟ್ಟರೆ ಉಳಿದದ್ದೆಲ್ಲ ಅಡುಗೆಮನೆಯ ಹೆಂಗಸರಿಗೆ ಹುಟ್ಟಿನಿಂದ ಬಂದ ಕೆಲಸ. ಕೊಹಿನೂರ್ ಕೂಡ ಅಲ್ಲಿಯದೇ ಎನ್ನುತ್ತಾರೆ. ಟ್ಯಾವರ್ನಿಯರ್ ಹದಿನಾಲ್ಕನೆಯ ಲೂಯಿಗೆ ಮಾರಿದ ನೀಲಿ ವಜ್ರವೂ, ಇಂದು ಹೋಪ್ ಎಂದು ಹೆಸರಾದದ್ದು, ಆ ಮಣ್ಣಿನದ್ದೆಂದೇ ನಂಬಿಕೆ. ಇಂದು ಕೊಲ್ಲೂರು ಪುಲಿಚಿಂತಲ ಜಲಾಶಯದ ನೀರಿನಡಿ ಇದೆ. ಆ ಊರಿನ ಹೆಸರು ಲಂಡನ್, ವಾಷಿಂಗ್ಟನ್ನಿನ ಪ್ರದರ್ಶನಾಲಯಗಳ ಕಥೆಯಲ್ಲಿ ಉಳಿದಿದೆ. ಮಣ್ಣು ಹೊತ್ತ ಹೆಂಗಸರಲ್ಲಿ ಒಬ್ಬಳ ಹೆಸರೂ ಎಲ್ಲೂ ಉಳಿದಿಲ್ಲ. ನನಗೆ ಇದು ಸಹಿಸಲಾಗದ ಸಂಗತಿ.

ಜೊನ್ನಗಿರಿಯ ಹೊಲಗಳಲ್ಲೂ ಬರೀ ಕಡ್ಡಿಯವರೇ ಇಲ್ಲ. ಪಕ್ಕದ ಹೊಲದಲ್ಲಿ ಕೆಲವು ಹುಡುಗರು ಸಲಿಕೆ, ಜರಡಿ ತಂದು ಮೊಣಕಾಲಿನ ಆಳ ತೋಡಿದ್ದರು. ಆ ಗುಂಡಿಗಳ ಬದಿಯಲ್ಲಿ ಅಡಿಯ ಸುಣ್ಣಕಲ್ಲಿನ ಬಿಳಿ ಮಣ್ಣು ಮೇಲೆ ಬಂದು ಬಿದ್ದಿತ್ತು, ಮೇಲಿನ ಕೆಂಪು ಮಣ್ಣು ಅದರಡಿ ಹೂತು ಹೋಗಿತ್ತು. ಶೇಂಗಾ ಬೆಳೆಯುವುದು ಆ ಗೇಣುದ್ದದ ಕೆಂಪು ಮಣ್ಣಿನಲ್ಲೇ. ಒಮ್ಮೆ ಮಗುಚಿದರೆ ಅದು ಮತ್ತೆ ಹದಕ್ಕೆ ಬರಲು ಎಷ್ಟು ಗೊಬ್ಬರ, ಎಷ್ಟು ಮಳೆಗಾಲ ಬೇಕೆಂಬುದು ಹೊಲದವನಿಗೆ ಗೊತ್ತು. ಮಳೆನೀರು ನಿಂತ ಗುಂಡಿಯಲ್ಲಿ ಸೊಳ್ಳೆ. ಎತ್ತಿನ ಕಾಲು ಸಿಕ್ಕಿಕೊಂಡರೆ ಆ ವರ್ಷದ ಬೇಸಾಯವೇ ಮುಗಿಯಿತು. ಸಿಯೆರಾ ಲಿಯೋನ್‌ನ ನದಿಬಯಲುಗಳಲ್ಲಿ ವಜ್ರಕ್ಕಾಗಿ ತೋಡಿ ಬಿಟ್ಟ ಗುಂಡಿಗಳು ಮಲೇರಿಯಾದ ತವರಾಗಿರುವುದನ್ನು ಓದಿದ್ದೆ. ಅದರ ಚಿಕ್ಕ ರೂಪ ಇಲ್ಲಿತ್ತು. ಕೊಡಗು ಮತ್ತು ಸುಳ್ಯದ ನಡುವಿನ ಕಾಡುಗಳ ಹರಳುಕಲ್ಲಿನ ಕಳ್ಳದಂಧೆಯೂ ಇದೇ ಜಾತಿಯದ್ದು. ರಾತ್ರೋರಾತ್ರಿ ತೋಡಿ ಓಡುವವರಿಗೆ ಗುಂಡಿ ಮುಚ್ಚುವ ಪುರುಸೊತ್ತೆಲ್ಲಿ?

ಗುಂಡಿ ಮುಚ್ಚುವುದನ್ನೇ ಕಸುಬಿನ ಭಾಗ ಮಾಡಿಕೊಂಡ ಊರೊಂದು ನಮ್ಮ ಹತ್ತಿರದಲ್ಲೇ ಇದೆ. ಶ್ರೀಲಂಕಾದ ರತ್ನಪುರದಲ್ಲಿ ನೀಲ, ಕೆಂಪು, ಗೋಮೇಧಿಕ ಸಿಗುವುದು ಹಳೆಯ ಹೊಳೆಗಳು ಹಾಸಿದ ಗರಸಿನಲ್ಲಿ. ಅದನ್ನು ಅಲ್ಲಿಯವರು ಇಲ್ಲಮ್ ಎನ್ನುತ್ತಾರೆ. ಗದ್ದೆಯ ನಡುವೆ ಇಬ್ಬರು ಇಳಿಯುವಷ್ಟು ಅಗಲದ ಬಾವಿ ತೋಡಿ, ಬದಿಗೆ ಮರದ ಕಂಬ ಕೊಟ್ಟು, ಕಂಬದ ಹಿಂದೆ ಜರೀಗಿಡದ ಸೊಪ್ಪು ತುರುಕುತ್ತಾರೆ, ನೀರು ಜಿನುಗಿದರೂ ಮಣ್ಣು ಕುಸಿಯಬಾರದೆಂದು. ಗರಸನ್ನು ಬಿದಿರಿನ ಬುಟ್ಟಿಯಲ್ಲಿ ನೀರಿನೊಳಗೆ ಗರಗರ ತಿರುಗಿಸಿದರೆ ಹಗುರದ್ದು ಅಂಚಿನಿಂದ ಹಾರಿಹೋಗಿ ಭಾರದ ಹರಳು ನಡುವೆ ಉಳಿಯುತ್ತದೆ. ಪರವಾನಗಿ ಕೊಡುವಾಗಲೇ ಸರ್ಕಾರದ ರತ್ನ ಮತ್ತು ಆಭರಣ ಪ್ರಾಧಿಕಾರ ಠೇವಣಿ ಕಟ್ಟಿಸಿಕೊಳ್ಳುತ್ತದೆ. ಬಾವಿ ಮುಚ್ಚಿ ನೆಲ ಮೊದಲಿನಂತೆ ಮಾಡಿದರೆ ಠೇವಣಿ ವಾಪಸ್ಸು. ಸಿಕ್ಕಿದ ಹರಳಿನ ಹಣದಲ್ಲಿ ನೆಲದ ಒಡೆಯನಿಗೆ, ಬಂಡವಾಳ ಹಾಕಿದವನಿಗೆ, ಬಾವಿಗಿಳಿದವರಿಗೆ ಗೊತ್ತಾದ ಪಾಲು. ಅಲ್ಲೂ ನಿಯಮ ಮುರಿಯುವವರಿಲ್ಲವೆಂದಲ್ಲ. ಆದರೂ ಬಾವಿ ಮುಚ್ಚಿದ ಗದ್ದೆಯಲ್ಲಿ ಮತ್ತೆ ಭತ್ತ ಬೆಳೆಯುವುದು ಅಲ್ಲಿ ಸಾಮಾನ್ಯ ಸಂಗತಿ.

ನಮ್ಮಲ್ಲೇ ಮಧ್ಯಪ್ರದೇಶದ ಪನ್ನಾದಲ್ಲಿ ಇನ್ನೊಂದು ಬಗೆ ಇದೆ. ವರ್ಷಕ್ಕೆ ಕೆಲವು ನೂರು ರೂಪಾಯಿ ಕಟ್ಟಿದರೆ ಎಂಟು ಮೀಟರು ಉದ್ದಗಲದ ಜಾಗದ ಪಟ್ಟಾ ಸಿಗುತ್ತದೆ. ಸಿಕ್ಕಿದ ವಜ್ರವನ್ನು ಸರ್ಕಾರದ ಹೀರಾ ಕಚೇರಿಗೆ ಒಪ್ಪಿಸಬೇಕು. ಅಲ್ಲಿ ತೂಗಿ, ಚೀಟಿ ಕೊಟ್ಟು, ಹರಾಜು ಹಾಕಿ, ರಾಜಧನ ಮುರಿದುಕೊಂಡು ಉಳಿದದ್ದನ್ನು ಸಿಕ್ಕಿದವರಿಗೆ ಕೊಡುತ್ತಾರೆ. ಕೂಲಿ ಮಾಡುವವನ ಹೆಸರು ಹರಾಜಿನ ಪಟ್ಟಿಯಲ್ಲಿ ಬರುತ್ತದೆ. ಪನ್ನಾದಲ್ಲಿ ತೆರೆದೇ ಬಿಟ್ಟ ಗುಂಡಿಗಳು ಬೇಕಾದಷ್ಟಿವೆ, ಅದನ್ನು ಮುಚ್ಚಿಡಬಾರದು. ಆದರೆ ತಕ್ಕಡಿಯ ವಿಷಯದಲ್ಲಿ ಅಲ್ಲಿಯವರು ನಮಗಿಂತ ಮುಂದಿದ್ದಾರೆ.

ತಕ್ಕಡಿಯ ವಿಷಯ ಜೊನ್ನಗಿರಿಯಲ್ಲಿ ಕಣ್ಣಾರೆ ಕಂಡದ್ದು. ಸಂಜೆ ಬೈಕಿನಲ್ಲಿ ಒಬ್ಬ ದಲಾಲ ಬಂದು ಬೇವಿನ ಮರದ ಕೆಳಗೆ ಕೂತ. ಅಂಗೈಯಷ್ಟು ಗಾತ್ರದ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಟಾರ್ಚು, ಒಂದು ಲೂಪ್. ಜನ ಒಬ್ಬೊಬ್ಬರಾಗಿ ಹೋಗಿ ಡಬ್ಬಿ ಬಿಚ್ಚಿದರು. ಅವನು ತೂಕವನ್ನು ತಾನೇ ನೋಡಿ ತಕ್ಕಡಿಯನ್ನು ತನ್ನ ಕಡೆಗೇ ತಿರುಗಿಸಿಟ್ಟುಕೊಳ್ಳುತ್ತಿದ್ದ. ಬೆಲೆ ಕಿವಿಯಲ್ಲಿ. ಟ್ಯಾವರ್ನಿಯರ್ ಕಾಲದಲ್ಲಿ ಮಾರುವವನು ಕೊಳ್ಳುವವನು ಬಟ್ಟೆಯಡಿ ಕೈ ಹಿಡಿದು ಬೆರಳೆಣಿಕೆಯಲ್ಲೇ ಬೆಲೆ ಮುಗಿಸುತ್ತಿದ್ದರಂತೆ. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನಡಿ ನಡೆಯುವ ವ್ಯಾಪಾರವೂ ಅದೇ. ಅಲ್ಲಿ ಕಡೇಪಕ್ಷ ಇಬ್ಬರಿಗೂ ಎತ್ತಿನ ಹಲ್ಲು ನೋಡಲು ಬರುತ್ತದೆ. ಇಲ್ಲಿ ಒಬ್ಬನಿಗೆ ಮಾತ್ರ ಕಲ್ಲು ಗೊತ್ತು. ಅಜ್ಜಿಯ ಮೂರು ಹರಳಿನಲ್ಲಿ ಎರಡನ್ನು ಅವನು ಮುಟ್ಟದೆ ಬಿಟ್ಟ. ಮೂರನೆಯದಕ್ಕೆ ಕೆಲವು ಸಾವಿರ ಎಂದ. ಅವಳು ಡಬ್ಬಿ ಮುಚ್ಚಿ ಎದ್ದು ಬಂದಳು. "ಅವನು ಬ್ಯಾಟ್ರಿ ಎರಡು ಸಲ ಹಾಕಿ ನೋಡ್ಯಾನ. ಬರೇ ಕಲ್ಲಾಗಿದ್ರ ಒಂದೇ ಸಲಕ್ಕ ಒಗೀತಿದ್ದ" ಎಂದಳು. ಅಕ್ಷರ ಬಾರದ ಆ ಹೆಂಗಸಿಗೆ ಇದ್ದ ಒಂದೇ ಅಳತೆಗೋಲು ಎದುರಿನವನ ಕೈ. ಆ ಹರಳೇ ಭಾಯಿಯ ಕಿಟಕಿಯ ಬೆಳಕಿಗೆ ಬರುವ ಹೊತ್ತಿಗೆ ಎಷ್ಟು ಕೈ ದಾಟಿ ಎಷ್ಟಾಗಿರುತ್ತದೆ ಎಂದು ನಾನು ಅವಳಿಗೆ ಹೇಳಲು ಹೋಗಲಿಲ್ಲ. ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಎಲ್ಲರಿಗೂ ಅಂಕಿ ಕಾಣುವ ಒಂದು ತಕ್ಕಡಿ, ವಾರಕ್ಕೊಮ್ಮೆ ಬಂದು ಕಲ್ಲು ನೋಡಿ ಚೀಟಿ ಬರೆದುಕೊಡುವ ಒಬ್ಬ ಸರ್ಕಾರಿ ಪರೀಕ್ಷಕ, ಇಷ್ಟು ಮಾಡಿದರೆ ಕಿವಿಯಲ್ಲಿ ಹೇಳುವ ಬೆಲೆ ಬಯಲಿಗೆ ಬರುತ್ತದೆ. ಬಯಲಿಗೆ ಬಂದ ಕಸುಬಿಗೆ ನಿಯಮ ಹಾಕಬಹುದು. ಕತ್ತಲಲ್ಲಿರುವ ಕಸುಬಿಗೆ ಗುಂಡಿ ಮುಚ್ಚು ಎಂದು ಹೇಳುವವರಾರು?

ಹೊಲದ ಒಡೆಯ ಬಂದದ್ದು ಮಾರನೆಯ ಬೆಳಗ್ಗೆ. ತೆಲುಗು ಮನೆಮಾತಿನವನು, ಕನ್ನಡವೂ ಸಲೀಸು. ಪಕ್ಕದ ಹೊಲದ ಗುಂಡಿಗಳನ್ನು ಕಂಡು ಅವನಿಗೆ ಸಿಟ್ಟು ನೆತ್ತಿಗೇರಿತ್ತು. ಅಲ್ಲಿಯ ಕೆಲವು ರೈತರು ಹೊಲಕ್ಕೆ ಕಾಲಿಡಬಾರದೆಂದು ಬೋರ್ಡು ಹಾಕಿದ್ದಾರೆ, ಕೆಲವರು ದುಡ್ಡು ಕೇಳುತ್ತಾರೆ. ಇವನು ಹುಡುಗರ ಹತ್ತಿರ ಹೋಗಿ ಸಲಿಕೆಗಳನ್ನೆಲ್ಲ ಇಸಕೊಂಡು ಬೇವಿನ ಬುಡದಲ್ಲಿ ಒಟ್ಟಿದ. "ಸಂಜಿಗೆ ಕೊಡ್ತೀನಿ. ಹರಳು ಆರಿಸ್ಕಳ್ರಿ, ಬ್ಯಾಡ ಅನ್ನಂಗಿಲ್ಲ. ಮಣ್ಣು ಮಾತ್ರ ಮುಟ್ಟಬ್ಯಾಡ್ರಿ" ಎಂದ. ಹುಡುಗರು ಗೊಣಗಿದರು. ಅಜ್ಜಿ ಎದ್ದು, ತೋಡಿದ ಗುಂಡಿಗೆ ಮೊದಲು ಬಿಳಿ ಮಣ್ಣು, ಆಮೇಲೆ ಕೆಂಪು ಮಣ್ಣು ಎಳೆಯಿರೆಂದು ಅವರಿಗೆ ತೋರಿಸಿದಳು. ಇಬ್ಬರು ಕೈಯಿಂದಲೇ ಎಳೆಯತೊಡಗಿದರು. ಉಳಿದವರಿಗೆ ಒಡೆಯನೇ ಒಂದು ಸಲಿಕೆ ಹಿಂದಕ್ಕೆ ಕೊಟ್ಟ. ಅರ್ಧ ತಾಸಿನಲ್ಲಿ ಗುಂಡಿಗಳು ಮುಚ್ಚಿದವು. ಒಬ್ಬನಿಗೆ ಮುಚ್ಚುವಾಗ ಮಣ್ಣಿನಲ್ಲಿ ಏನೋ ಹೊಳೆದು ಎಲ್ಲರೂ ಓಡಿಬಂದರು. ಬೆಣಚು.

ಬಿತ್ತನೆ ಎಂದಿಗೆ ಎಂದು ಅಜ್ಜಿ ಕೇಳಿದಳು. ಇನ್ನೊಂದು ಹದ ಮಳೆ ಬಿದ್ದ ಕೂಡಲೇ ಶೇಂಗಾ ಹಾಕುತ್ತೇನೆ, ಆಮೇಲೆ ಯಾರೂ ಬದು ದಾಟುವ ಹಾಗಿಲ್ಲ ಎಂದ ಅವನು. ಶೇಂಗಾ ಕೀಳುವುದು ಎಂದಿಗೆ ಎಂದು ಅವಳ ಮುಂದಿನ ಪ್ರಶ್ನೆ. ಬೆಳೆ ಕಿತ್ತಾಗ ಗಿಡದ ಬೇರಿನೊಂದಿಗೆ ಹೊಲದ ಮಣ್ಣೆಲ್ಲ ತಾನಾಗಿ ಮಗುಚಿಕೊಳ್ಳುತ್ತದೆ, ಮೇಲೊಂದು ಹಿಂಗಾರು ಮಳೆ ಬಿದ್ದರೆ ಹೊಸ ಹರಳು ಕಣ್ಣಿಗೆ ಬೀಳುತ್ತದೆ ಎಂಬುದು ಅವಳ ಲೆಕ್ಕ. "ದೀಪಾವಳಿ ಹಿಂದಮುಂದ. ಕೀಳಾಕ ಆಳು ಬೇಕಾಗ್ತಾವ, ನಿನ್ನ ಸೊಸಿನ್ನೂ ಕರಕಂಡು ಬಾ. ಕೂಲಿ ಕೊಡ್ತೀನಿ, ಕಿತ್ತ ಸಾಲಿನಾಗ ಸಿಕ್ಕಿದ್ದು ನಿನ್ನದು" ಎಂದ. ಅವಳು ಕೂಲಿ ಎಷ್ಟೆಂದು ಮೊದಲು ಹೇಳಲಿ ಎಂದಳು. ಅವನು ಹೇಳಿದ. ಅವಳು ಐವತ್ತು ಹೆಚ್ಚು ಕೇಳಿದಳು.